ಒಣ ಊರಿನ ಹೋಟೆಲು

ಸಕ್ಕರೆಗೆ ಇರುವ ಶತ್ರು ತೇವ ಒಂದೇ. ಕ್ವೀನ್ಸ್‌ಲ್ಯಾಂಡಿನ ಕರಾವಳಿಯಲ್ಲಿ ಕೇಕಿನ ಮೇಲೆ ಸಕ್ಕರೆ ಕುಸುರಿ ಮಾಡುವ ಹೆಂಗಸರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮಳೆ ಹಿಡಿದ ದಿನ ಅವರು ಸಕ್ಕರೆ ಪಾಕ ಹಿಂಡುವ ಐಸಿಂಗ್ ಚೀಲ ಮುಟ್ಟುವುದಿಲ್ಲ. ಕೆಟಲ್ ಕುದಿಯುವ ಕೋಣೆಯಲ್ಲಿ ಸಕ್ಕರೆಯ ಹೂ ಒಣಗಲು ಇಡುವುದಿಲ್ಲ. ಮುಗಿಸಿದ ಕೆಲಸವಿರುವ ಕೋಣೆಗೆ ಏಸಿ ಹಾಕಿ, ಕಿಟಕಿಗಳನ್ನು ಬಿಗಿಯಾಗಿ ಮುಚ್ಚಿ, ಬಾಗಿಲ ಸಂದಿಗೆ ಟವೆಲ್ ತುರುಕಿ ಹೊರಗೆ ಬರುತ್ತಾರೆ. ಮನೆಗೆ ಬಂದ ನೆಂಟರು ಸೆಕೆಯಲ್ಲಿ ಬೆಂದು ಹೋದರೂ ಸರಿ, ಸಕ್ಕರೆ ಮಾತ್ರ ತಣ್ಣಗೆ, ಒಣಗಿ ಇರಬೇಕು.

ನೆರಿಡಾ ಹ್ಯಾಸ್ಲೆಟ್ ಈ ಹೆಂಗಸರ ಸಂಘದ ಕಾರ್ಯದರ್ಶಿ. ಅವಳ ಸ್ವಂತ ಕುಸುರಿ ಅಷ್ಟಕ್ಕಷ್ಟೇ. ಆದರೆ ವರ್ಷಕ್ಕೊಮ್ಮೆ ನಡೆಯುವ ಸಮ್ಮೇಳನಕ್ಕೆ ಹೋಟೆಲ್ ಹುಡುಕುವುದು, ಕೋಣೆ ಹಂಚುವುದು, ಯಾರಿಗೆ ಯಾರ ಗೊರಕೆ ಆಗಿಬರುವುದಿಲ್ಲ ಎಂದು ನೆನಪಿಡುವುದು, ಇದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಬಹಳ ವರ್ಷ ಸಮ್ಮೇಳನ ನಡೆದದ್ದು ಹಾರ್ವಿ ಬೇಯ ದಂಡೆಯಲ್ಲಿದ್ದ ಒಂದು ಹಳೆಯ ಹೋಟೆಲಿನಲ್ಲಿ. ಅಲ್ಲಿನ ನೆಲಕ್ಕೆ ದಪ್ಪ ಕಾರ್ಪೆಟ್ಟಿತ್ತು. ಯಾರು ಧಪಧಪ ನಡೆದರೂ ಮೇಜಿನ ಮೇಲಿನ ಸಕ್ಕರೆ ಎಳೆ ಅಲುಗುತ್ತಿರಲಿಲ್ಲ. ಕೇಕ್ ಪೆಟ್ಟಿಗೆ ಹಿಡಿದ ಇಬ್ಬರು ಲಿಫ್ಟಿನಲ್ಲಿ ಎದುರುಬದುರು ನಿಲ್ಲಬಹುದಿತ್ತು. ಸಮ್ಮೇಳನ ಮುಗಿಯುವ ತನಕ ಸುವಾಸನೆಯ ಸ್ಪ್ರೇ ಹೊಡೆಯಬಾರದೆಂದು ಕೋಣೆ ಗುಡಿಸುವ ಹುಡುಗಿಯರಿಗೂ ಗೊತ್ತಿತ್ತು. ಹೋಟೆಲ್ ಚೆನ್ನಾಗಿದ್ದರೆ ಹೋಟೆಲ್ ಎಂಬುದೊಂದಿದೆ ಎಂದೇ ಯಾರಿಗೂ ನೆನಪಿರುವುದಿಲ್ಲ. ಎಲ್ಲರ ಬಾಯಲ್ಲೂ ಕೇಕಿನದೇ ಮಾತು. ಆ ಹೋಟೆಲನ್ನು ಮಾರಿ, ಕೆಡವಿ, ಫ್ಲ್ಯಾಟ್ ಕಟ್ಟಿದರು. ಮರುವರ್ಷ ಒಂದು ಕ್ಲಬ್ಬಿನ ಹಾಲ್ ಹಿಡಿದರು. ವಾರವಿಡೀ ಮಳೆ ಹೊಡೆಯಿತು, ಸಕ್ಕರೆ ಗುಲಾಬಿಗಳೆಲ್ಲ ಕತ್ತು ಜೋತುಹಾಕಿದವು.

ಆಗ ನೆರಿಡಾಗೆ ಹೊಳೆದದ್ದು ಒಳನಾಡು. ಬೆಟ್ಟ ದಾಟಿ ಪಶ್ಚಿಮಕ್ಕೆ ಒಂದು ದಿನ ಕಾರು ಓಡಿಸಿದರೆ ಸಿಗುವ ಯಾರಾಬಿನ್ ಎಂಬ ಊರು. ಕೆಂಪು ಮಣ್ಣು, ಕುರಿಗಳು, ಒಗೆದ ಬಟ್ಟೆ ತಂತಿಗೆ ಹಾಕುವಷ್ಟರಲ್ಲಿ ಒಣಗಿಸುವ ಗಾಳಿ. ಅಂಥ ಗಾಳಿಯಲ್ಲಿ ಸಕ್ಕರೆ ಗಾಜಿನ ಹಾಗೆ ನಿಲ್ಲದೆ ಇನ್ನೇನು ಮಾಡೀತು? ಅಲ್ಲಿನ ಮಲ್ಗಾ ಕ್ರೌನ್ ಹೋಟೆಲಿಗೆ ಫೋನು ಹಚ್ಚಿದಳು.

"ನಿಮ್ಮ ಹಾಲ್ ತಂಪಾಗಿರತ್ತಾ? ನವೆಂಬರ್ ತಿಂಗಳು, ಬೇಸಿಗೆ ಶುರುವಾಗಿರತ್ತೆ, ನಮಗೆ ತಂಪಿಲ್ದೆ ಆಗಲ್ಲ."

"ಐಸ್ ಪೆಟ್ಟಿಗೆ ಥರ ಇರತ್ತಮ್ಮ, ಯೋಚನೆ ಬಿಡಿ," ಎಂದ ಮ್ಯಾನೇಜರ್ ಡೆಸ್. ತಂಪು ಎಲ್ಲಿಂದ ಬರುತ್ತದೆ ಎಂದು ಅವಳು ಕೇಳಲಿಲ್ಲ. ಕರಾವಳಿಯವಳಿಗೆ ತಂಪು ಎಂದರೆ ಏಸಿ. ಅದರಲ್ಲಿ ಕೇಳುವುದೇನಿದೆ?

ಒಣ ಊರೇ ಬೇಕು ಎಂದು ಅವಳು ಹಟ ಹಿಡಿದದ್ದು ಕೊರಾಲಿ ಪಾಸ್ಕ್‌ಗಾಗಿ. ಸಂಘದ ಎಲ್ಲರಿಗೂ ಕೊರಾಲಿಯ ಕೈ ಎಂದರೆ ಕೈ. ಕೇಕಿನ ಗೋಡೆಯಿಂದ ಒಂದು ಬೆರಳಿನಷ್ಟು ಹೊರಗೆ ಚಾಚಿ, ಕೆಳಗೆ ಸಕ್ಕರೆಯದೇ ಸಣ್ಣ ಸೇತುವೆಯ ಮೇಲೆ ಕಾಲೂರಿ ನಿಲ್ಲುವ ಎಳೆಗಳ ಪರದೆ ಇದೆಯಲ್ಲ, ಅದನ್ನು ಅವಳಂತೆ ಎಳೆದವರು ಇಡೀ ರಾಜ್ಯದಲ್ಲಿಲ್ಲ. ಎರಡು ಎಳೆಗಳ ನಡುವೆ ಇನ್ನೊಂದು ಎಳೆ ತೂರಲು ಜಾಗವಿರಬಾರದು. ಒಂದಕ್ಕೊಂದು ತಾಗಲೂ ಬಾರದು. ಅಂಥ ಕೈ ಈಗ ನಡುಗುತ್ತಿತ್ತು. ಗುಳಿಗೆ ನುಂಗಿದ ಮೇಲೆ ಸ್ವಲ್ಪ ಹೊತ್ತು ನಿಲ್ಲುತ್ತದೆ, ಮತ್ತೆ ಶುರು. ಮುಂದಿನ ವರ್ಷದ ಹೊತ್ತಿಗೆ ಗುಳಿಗೆಯೂ ಕೇಳುವುದಿಲ್ಲ ಎಂದು ಡಾಕ್ಟರು ಮುಖಕ್ಕೇ ಹೇಳಿಬಿಟ್ಟಿದ್ದರು.

ಆ ಗುಳಿಗೆಯ ಹೊತ್ತುಗಳನ್ನು ಕೂಡಿಸಿ ಕೂಡಿಸಿ ಕೊರಾಲಿ ಚಳಿಗಾಲ ಪೂರ್ತಿ ಒಂದೇ ಒಂದು ಕೇಕ್ ಮಾಡಿದಳು. ಗಂಡ ಸತ್ತು ಹೋದವಳು, ಒಂಟಿ ಮನೆ, ಹಿಂದಿನ ಕೋಣೆಯ ಬಾಗಿಲು ಹಾಕಿಕೊಂಡು ಮಾಡಿದಳು. ನೆರಿಡಾ ಚಹಾಕ್ಕೆ ಹೋದಾಗಲೂ ಒಳಗೆ ಬಿಡಲಿಲ್ಲ.

"ಇಣುಕ್ಬೇಡ ಕಣೇ, ಹಾಳಾದವಳೆ. ಮೇಜು ಹತ್ತಿದ ಮೇಲೆ ನೋಡು."

"ನನಗೂ ತೋರಿಸಲ್ವಾ?"

"ನಿನಗಂತೂ ಈಗ್ಲೇ ತೋರಿಸಲ್ಲ. ಇದೇ ಕೊನೇದು. ಮೇಜಿನ ಮೇಲಿಟ್ಟಾಗ ನಮ್ಮವರು ಒಂದ್ಸಲ ನೋಡ್ಬೇಕು, ಅಷ್ಟೆ. ಬಹುಮಾನ ಯಾರಿಗ್ಬೇಕು?"

ಫೋಟೊ ತೆಗೆಯುವ ಮಾತೂ ಇರಲಿಲ್ಲ. ಮೇಜು ಹತ್ತುವ ಮೊದಲು ಫೋಟೊ ತೆಗೆದ ಕೇಕ್ ದಾರಿಯಲ್ಲಿ ಬಿರುಕು ಬಿಡುತ್ತದೆ ಎಂದು ಈ ಹೆಂಗಸರು ನಂಬುತ್ತಾರೆ. ಕೇಳಿದರೆ ನಕ್ಕುಬಿಡುತ್ತಾರೆ, ಫೋಟೊ ಮಾತ್ರ ತೆಗೆಯುವುದಿಲ್ಲ.

ನೆರಿಡಾಳ ಕಾರಿನ ಹಿಂದಿನ ಸೀಟಿನಲ್ಲಿ, ಸುತ್ತ ದಿಂಬು ಒತ್ತಿದ ರಟ್ಟಿನ ಪೆಟ್ಟಿಗೆಯಲ್ಲಿ, ಆ ಕೇಕ್ ಯಾರಾಬಿನ್‌ಗೆ ಬಂತು. ರಸ್ತೆಯ ಪ್ರತಿ ಗುಂಡಿಗೂ ನೆರಿಡಾ ಕಾರಿನ ವೇಗ ಇಳಿಸಿದಳು. ಕೊರಾಲಿ ಒಮ್ಮೆಯೂ ಹಿಂದೆ ತಿರುಗಿ ನೋಡಲಿಲ್ಲ, ಮಗು ನಿದ್ದೆ ಮಾಡುತ್ತಿರುವಾಗ ತಾಯಿ ನೋಡದೆ ಕೂರುವಂತೆ ಕೂತಿದ್ದಳು.

ಮಲ್ಗಾ ಕ್ರೌನ್ ಹೋಟೆಲಿನ ಮುಂದೆ ನೆರಿಡಾ ಕಾರು ನಿಲ್ಲಿಸಿದಳು. ಹೋಟೆಲಿನ ಜಾಹೀರಾತಿನ ಫೋಟೊದಲ್ಲಿ ಕಂಡ ಬಿಳಿ ಜಗಲಿ ಇತ್ತು ನಿಜ. ಅದರ ಅರ್ಧಕ್ಕೆ ಹಗ್ಗ ಕಟ್ಟಿ, ಕಾಲಿಡಬೇಡಿ ಎಂದು ಬರೆದಿತ್ತು. ಲಿಫ್ಟ್ ಇರಲೇ ಇಲ್ಲ. ಹಾಲ್ ಇದ್ದದ್ದು ಬಾರಿನ ನೆತ್ತಿಯ ಮೇಲೆ, ಮರದ ಮೆಟ್ಟಿಲು ಹತ್ತಿ. ಮರದ ನೆಲವೋ, ಒಬ್ಬರು ಈ ತುದಿಯಲ್ಲಿ ಕಾಲಿಟ್ಟರೆ ಆ ತುದಿಯ ಮೇಜು ತಲೆದೂಗುತ್ತಿತ್ತು. ಕೋಣೆಗಳಲ್ಲಿ ಹಾಸಿಗೆಗಳು ನಡುವೆ ಕುಸಿದಿದ್ದವು. ಸ್ನಾನದ ಮನೆಯಲ್ಲಿ ಬಿಸಿನೀರಿನ ನಲ್ಲಿ ತಿರುಗಿಸಿದರೆ ಕೆಂಪು ನೀರು ಕೆಮ್ಮಿಕೊಂಡು ಬಂತು.

"ನೆರಿಡಾ, ನಮ್ಮ ಕೋಣೇಲಿ ಮಂಚ ಒಂದೇ ಇದೆ!"

"ನೆರಿಡಾ, ಟವೆಲ್ ಎಲ್ಲಿ?"

"ನೆರಿಡಾ, ಕೆಟಲ್‌ನಲ್ಲಿ ಜಿರಲೆ ಸತ್ತಿದೆ ಕಣೇ. ಇದಕ್ಕಿಂತ ಆ ಕ್ಲಬ್ಬೇ ವಾಸಿ ಇತ್ತು, ಅಲ್ಲಿ ಜಿರಲೆಗಳು ಬದುಕಿದ್ವು," ಎಂದಳು ಮೇವಿಸ್ ಆಟ್ರಿಜ್. ಸಂಘದಲ್ಲಿ ಅವಳ ನಾಲಿಗೆಗೆ ಎಲ್ಲರೂ ಹೆದರುತ್ತಾರೆ. ಸುತ್ತ ನಿಂತವರು ನಕ್ಕರು. ನೆರಿಡಾಳೂ ನಕ್ಕಳು, ನಗದೆ ಏನು ಮಾಡುತ್ತಾಳೆ?

ಶುಕ್ರವಾರ ಇಡೀ ದಿನ ಅವಳು ಕಾಲಿಗೆ ಚಕ್ರ ಕಟ್ಟಿಕೊಂಡವಳಂತೆ ಓಡಾಡಿದಳು. ಒಬ್ಬರಿಗೆ ದಿಂಬು, ಒಬ್ಬರಿಗೆ ಬಲ್ಬು. ಸೊಂಟ ನೋವಿನವರನ್ನು ಕೆಳಗಿನ ಕೋಣೆಗೆ ಬದಲಿಸಬೇಕು. ಹಾಗೆ ಬದಲಿಸಿದ್ದಕ್ಕೆ ಮೇಲೆ ಹೋಗಬೇಕಾದವರ ಬೈಗುಳ ತಿನ್ನಬೇಕು. ಸಕ್ಕರೆಯಿಂದ ಬಟಾಣಿ ಹೂ ಮಾಡಿ ತೋರಿಸುವ ಮಧ್ಯಾಹ್ನದ ಪಾಠಕ್ಕೆ ಕರೆಂಟ್ ಪಾಯಿಂಟೇ ಕೆಲಸ ಮಾಡಲಿಲ್ಲ. ಊಟಕ್ಕೆ ಬಂದ ಕುರಿಮಾಂಸ ಬೂಟಿನ ಅಟ್ಟೆಯಂತಿತ್ತು. ಹೂವಿನ ದಳ ಎಷ್ಟು ತೆಳುವಾಗಿರಬೇಕು ಎಂದು ಜಗಳಾಡಲು ವರ್ಷವಿಡೀ ಕಾದಿದ್ದವರು ಈಗ ಹಾಸಿಗೆ, ನಲ್ಲಿ, ಮಾಂಸ ಎಂದೇ ಗೊಣಗುತ್ತಾ ಕೂತಿದ್ದರು. ಇದೆಲ್ಲ ನೆರಿಡಾಗೆ ತನ್ನ ಮೇಲೆಯೇ ಹಾಕಿದ ಬೈಗುಳದಂತೆ ಕೇಳಿಸುತ್ತಿತ್ತು.

ಒಂದು ಸಮಾಧಾನವಿತ್ತು. ಹೊರಗಿನ ಗಾಳಿ ಅವಳು ಎಣಿಸಿದಂತೆಯೇ ಇತ್ತು, ತುಟಿ ಒಡೆಯುವಷ್ಟು ಒಣ. ಹಾಲಿನ ಸೂರಿನ ಜಾಲರಿಯಿಂದ ತಣ್ಣನೆಯ ಗಾಳಿ ಭರ್ರನೆ ಬೀಸುತ್ತಿತ್ತು. ಇಷ್ಟಿದ್ದರೆ ಕೊರಾಲಿಯ ಕೇಕಿಗೆ ಸಾಕು ಎಂದು ಹಲ್ಲು ಕಚ್ಚಿ ಸಹಿಸಿದಳು.

ಸಂಘದ ಪದ್ಧತಿ ಹೀಗಿದೆ: ಶುಕ್ರವಾರ ಸಂಜೆ ಒಬ್ಬೊಬ್ಬರೇ ಹಾಲಿಗೆ ಹೋಗಿ, ಪೆಟ್ಟಿಗೆಯಿಂದ ತಮ್ಮ ಕೇಕ್ ತೆಗೆದು, ಮೇಜಿನ ಮೇಲೆ ಇಟ್ಟು, ಬೇರೆಯವರದರ ಕಡೆ ಕಣ್ಣು ಹಾಯಿಸದೆ ಹೊರಬರಬೇಕು. ಕೇಕಿಗೆ ಹೆಸರಿಲ್ಲ, ಅಂಕಿ ಮಾತ್ರ. ಎಲ್ಲರದೂ ಆದ ಮೇಲೆ ಕಾರ್ಯದರ್ಶಿ ಒಬ್ಬಳೇ ಒಳಗೆ ಹೋಗಿ, ಒಂದು ಸುತ್ತು ಹಾಕಿ, ಬೀಗ ಹಾಕುತ್ತಾಳೆ. ಶನಿವಾರ ಬೆಳಿಗ್ಗೆ ತೀರ್ಪುಗಾರರು, ಆಮೇಲೆ ಎಲ್ಲರೂ. ಆ ಒಂಟಿ ಸುತ್ತು ನೆರಿಡಾಗೆ ವರ್ಷದ ಹಬ್ಬ. ಸಾಧಾರಣ ಕೈಯವಳಾದ ಅವಳಿಗೆ ಸಂಘ ಕೊಟ್ಟಿದ್ದ ಒಂದೇ ಒಂದು ದೊಡ್ಡಸ್ತಿಕೆ ಅದು. ಪ್ರತಿ ಮೇಜಿನ ಮುಂದೆ ನಿಂತು, ಬಾಗಿ, ಉಸಿರು ತಾಗದಂತೆ ನೋಡುತ್ತಿದ್ದಳು.

ಕೊರಾಲಿ ಗುಳಿಗೆ ನುಂಗಿ, ಕೈ ನಿಲ್ಲುವವರೆಗೆ ಕಾದು, ಕೊನೆಗೆ ಹೋದಳು. ಹೊರಗೆ ಬಂದಾಗ ಅವಳ ಮುಖದಲ್ಲಿ ಎಷ್ಟೋ ತಿಂಗಳಿಂದ ಕಾಣದ ಬೆಳಕಿತ್ತು.

"ಒಂದು ಎಳೆನೂ ಮುರಿದಿಲ್ಲ ಕಣೇ," ಎಂದಳು. "ಈಗ ನೋಡು ಹೋಗು. ನಿನ್ನ ಸುತ್ತು ಬಂತಲ್ಲ."

ನೆರಿಡಾ ಒಳಗೆ ಹೋದಳು. ಕರಾವಳಿಯ ಹೆಂಗಸಿನ ಕಣ್ಣಿಗೆ ಮೊದಲು ಬಿದ್ದದ್ದು ಕಿಟಕಿಗಳು. ಉದ್ದಕ್ಕೂ ಎಲ್ಲ ಕಿಟಕಿಗಳೂ ಅಂಗೈ ಅಗಲ ತೆರೆದಿದ್ದವು. ತಂಪು ಹಾಕಿ ಕಿಟಕಿ ತೆರೆದಿಟ್ಟಿದ್ದಾರಲ್ಲ, ಈ ಹೋಟೆಲಿನವರಿಗೆ ಕಿಟಕಿ ಮುಚ್ಚುವಷ್ಟೂ ಬುದ್ಧಿಯಿಲ್ಲವೇ ಎಂದು ಬೈದುಕೊಂಡು, ಒಂದೊಂದನ್ನೇ ಕೆಳಗೆ ಎಳೆದು ಚಿಲಕ ಹಾಕಿದಳು. ಒಂದು ಬಿಗಿಯಾಗಿತ್ತು, ತೋಳು ಕೊಟ್ಟು ತಳ್ಳಿದಳು. ತಂಪಿನ ಗುಂಡಿಯನ್ನು ತುದಿಯವರೆಗೆ ತಿರುಗಿಸಿದಳು. ಅಷ್ಟರಲ್ಲಿ ಕೆಳಗಿನಿಂದ ಡೆಸ್‌ನ ಕೂಗು:

"ಅಮ್ಮಾ! ನಿಮ್ಮೋರು ಯಾರೋ ಸ್ನಾನದ ಮನೇಲಿ ಸಿಕ್ಕಾಕೊಂಡವ್ರೆ, ಚಿಲಕ ತೆಗಿಯಕ್ಕಾಗ್ತಿಲ್ಲ!"

ನೆರಿಡಾ ಮೇಜುಗಳ ಕಡೆ ತಿರುಗಿದಳು. ಬೆಳಕು ಮಂದವಾಗಿತ್ತು. ಬಿಳಿ, ಗುಲಾಬಿ, ಬಿಳಿ. ಸಾಲಾಗಿ ಏನೇನೋ ಕಂಡವು. ಕೊರಾಲಿಯದು ಯಾವುದು ಎಂದು ಹುಡುಕಲೂ ಇಲ್ಲ. ಅವಳ ಕಾಲು ನೋಯುತ್ತಿತ್ತು, ಕೆಳಗೆ ಮೇವಿಸ್‌ಳ ದನಿ ಏರುತ್ತಿತ್ತು. ಬೆಳಿಗ್ಗೆ ಬೆಳಕಲ್ಲಿ ನೆಮ್ಮದಿಯಾಗಿ ನೋಡಿದರಾಯಿತು ಎಂದುಕೊಂಡಳು. ಬೀಗ ಹಾಕಿ, ಬಾಗಿಲ ಸಂದಿಗೆ ಹೋಟೆಲಿನ ಒಂದು ಟವೆಲ್ ತುರುಕಿ, ಮೆಟ್ಟಿಲಿಳಿದು ಓಡಿದಳು.

ಬೆಳಿಗ್ಗೆ ತಿಂಡಿಯ ಹೊತ್ತಿಗೆ ತೀರ್ಪುಗಾರ್ತಿಯರಿಬ್ಬರೊಂದಿಗೆ ನೆರಿಡಾ ಬಾಗಿಲು ತೆರೆದಳು. ಮೊದಲು ಬಂದದ್ದು ವಾಸನೆ, ಒದ್ದೆ ಗೋಣಿಯ ವಾಸನೆ. ಕಿಟಕಿಯ ಗಾಜಿನ ಒಳಮೈಯಲ್ಲಿ ನೀರು ಇಳಿಯುತ್ತಿತ್ತು.

ಗುಲಾಬಿಗಳು ತಮ್ಮ ಕಾಂಡದ ತಂತಿಯಿಂದ ಜಾರಿ ಒಂದರ ಮೇಲೊಂದು ಒರಗಿದ್ದವು. ಸಕ್ಕರೆ ಹೊದಿಕೆಗಳು ಬೆವರಿ, ಮಿರಮಿರ ಹೊಳೆದು, ಹಲಗೆಯ ಮೇಲೆ ಅಂಟಾಗಿ ಹರಿದಿದ್ದವು. ಯಾರದೋ ಸಕ್ಕರೆ ಹಂಸದ ಕುತ್ತಿಗೆ ಎದೆಗೆ ಬಿದ್ದಿತ್ತು. ತುದಿಯ ಮೇಜಿನ ಮೇಲಿದ್ದ ಕೇಕಿನ ಬುಡದ ಸುತ್ತ ಬೆಂದ ಶಾವಿಗೆಯಂತೆ ಬಿಳಿಯದೊಂದು ರಾಶಿ. ಅದು ಎಳೆಗಳ ಪರದೆಯಾಗಿತ್ತೆಂದು ಬಲ್ಲವರಿಗೆ ಮಾತ್ರ ಗೊತ್ತಾಗಬಹುದು. ಅದು ಯಾರದೆಂದು ನೆರಿಡಾಗೆ ಅಂಕಿ ನೋಡದೆಯೇ ಗೊತ್ತಾಯಿತು.

ಸುದ್ದಿ ಕೆಳಗೆ ಹೋಗಲು ಹೊತ್ತು ಹಿಡಿಯಲಿಲ್ಲ. ಹೆಂಗಸರೆಲ್ಲ ಕೈಯಲ್ಲಿ ಟೋಸ್ಟ್ ಹಿಡಿದವರು ಹಾಗೇ ಮೆಟ್ಟಿಲೇರಿ ಬಂದರು. ಒಬ್ಬಳು ಅತ್ತಳು. ಮೇವಿಸ್ ಡೆಸ್‌ನ ಅಂಗಿ ಹಿಡಿಯುವುದೊಂದು ಬಾಕಿ.

"ಏನ್ರೀ ಇದು? ಇದನ್ನ ಹೋಟೆಲ್ ಅಂತೀರಾ, ಹಂದಿಗೂಡು ಅಂತೀರಾ? ಏಸಿ ಹಾಕಿದ್ರೆ ಮಳೆ ಬರತ್ತಾ ನಿಮ್ಮೂರಲ್ಲಿ?"

"ಏಸಿ ಎಲ್ಲಿ ಬಂತು ತಾಯಿ?" ಎಂದ ಡೆಸ್, ಕಣ್ಣುಜ್ಜಿಕೊಳ್ಳುತ್ತಾ. "ಅದು ನೀರಿನ ಕೂಲರ್. ಛಾವಣಿ ಮೇಲೆ ಒದ್ದೆ ಹುಲ್ಲಿನ ಪೆಟ್ಟಿಗೆ ಐತೆ, ಅದರೊಳಗಿಂದ ಗಾಳಿ ಬರ್ತದೆ. ಕಿಟಕಿ ತೆರೆದಿಟ್ರೆ ಹಸಿ ಎಲ್ಲ ಹೊರಗೆ ಹೋಗ್ತದೆ, ಒಳಗೆ ತಂಪು ಉಳಿತದೆ. ಮುಚ್ಚಿದ್ರೆ ಹಿಂಗೇ ಆಗೋದು. ನಾನು ತೆರೆದೇ ಇಟ್ಟಿದ್ನಲ್ಲ, ಯಾರು ಮುಚ್ಚಿದ್ದು?"

ಎಲ್ಲರೂ ನೆರಿಡಾಳ ಕಡೆ ನೋಡಿದರು. ಬೀಗದ ಕೈ ಅವಳ ಕೈಯಲ್ಲೇ ಇತ್ತು.

"ನಾನೇ," ಎಂದಳು. "ನಾನೇ ಮುಚ್ಚಿದೆ. ಗುಂಡಿನೂ ಜೋರು ಮಾಡ್ದೆ."

ಬೈದಿದ್ದರೆ ಚೆನ್ನಾಗಿತ್ತು. ಮೇವಿಸ್ ಕೂಡ ಬೈಯಲಿಲ್ಲ. ಏಕೆಂದರೆ ಅಲ್ಲಿದ್ದ ಒಬ್ಬೊಬ್ಬರಿಗೂ ಗೊತ್ತಿತ್ತು, ಬೀಗದ ಕೈ ತಮ್ಮ ಕೈಯಲ್ಲಿದ್ದಿದ್ದರೆ ತಾವೂ ಅದನ್ನೇ ಮಾಡುತ್ತಿದ್ದೆವು ಎಂದು. ಅದನ್ನು ಬಾಯಿಬಿಟ್ಟು ಹೇಳಿದವಳು ಕೊರಾಲಿ.

"ನಾವ್ಯಾರಾದ್ರೂ ಮುಚ್ತಿದ್ವಿ," ಎಂದಳು, ಎಲ್ಲರ ಹಿಂದಿನಿಂದ. "ತೆರೆದಿಟ್ಟ ಕಿಟಕಿ ಕಂಡ್ರೆ ನಮಗೆ ಕೈ ಸುಮ್ನಿರಲ್ಲ. ಬಿಡಿ ಈಗ."

ಅವಳು ತುದಿಯ ಮೇಜಿಗೆ ಹೋಗಿ ನಿಂತಳು. ಆ ರಾಶಿಯನ್ನು ಮುಟ್ಟಲಿಲ್ಲ. ನೆಲ ಅಲುಗಿದ್ದಕ್ಕೆ ಮೇಜೂ ಅಲುಗಿತು, ಅದರ ಮೇಲೆ ಇನ್ನು ಮುರಿಯುವಂಥದ್ದು ಏನೂ ಉಳಿದಿರಲಿಲ್ಲ. ಅಲ್ಲಿಂದಲೇ ತಿರುಗಿ, ಯಾರ ಮುಖವನ್ನೂ ನೋಡದೆ, ಕೋಣೆಗೆ ಹೋದಳು.

ನೆರಿಡಾ ಹಿಂದೆಯೇ ಹೋದಳು. ಕುಸಿದ ಹಾಸಿಗೆಯ ಅಂಚಿನಲ್ಲಿ ಕೊರಾಲಿ ಕೂತಿದ್ದಳು. ಬೆಳಗಿನ ಗುಳಿಗೆ ನುಂಗಿರಲಿಲ್ಲ. ಎರಡು ಕೈಗಳೂ ತೊಡೆಯ ಮೇಲೆ ತಮ್ಮ ಪಾಡಿಗೆ ಕುಣಿಯುತ್ತಿದ್ದವು. ಕ್ಷಮೆ ಕೇಳಬೇಕೆಂದು ಬಂದ ನೆರಿಡಾ ಆ ಕೈಗಳನ್ನು ಕಂಡು ಅತ್ತುಬಿಟ್ಟಳು.

"ಅಳಬೇಡ," ಎಂದಳು ಕೊರಾಲಿ. "ಬಾ, ಕೂತ್ಕೋ. ನಾನು ದಾರಿಯುದ್ದಕ್ಕೂ ಯೋಚ್ನೆ ಮಾಡ್ತಿದ್ದೆ, ದಾರೀಲಿ ಮುರಿದುಹೋದ್ರೆ ಏನು ಗತಿ ಅಂತ. ಮುರಿದಿಲ್ಲ ಅದು. ಮೇಜು ಹತ್ತಿತು. ನೀನು ನಿನ್ನೆ ಸಂಜೆ ನೋಡಿದ್ಯಲ್ಲ, ನಿಂತಿದ್ದಾಗ? ಅಷ್ಟು ಸಾಕು ಕಣೇ ನನಗೆ. ಒಬ್ಬರಾದ್ರೂ ನೋಡಿದ್ರಲ್ಲ." ಅವಳು ನೆರಿಡಾಳ ಕಡೆ ಪೂರ್ತಿ ತಿರುಗಿ ಕೂತಳು. "ಹೇಳು. ಹೇಗಿತ್ತು?"

ಹೇಳುವುದು ಕಷ್ಟವಿರಲಿಲ್ಲ. ಕೊರಾಲಿಯ ಕೆಲಸವನ್ನು ನೆರಿಡಾ ಮೂವತ್ತು ವರ್ಷದಿಂದ ಬಲ್ಲಳು. ಎಳೆಗಳು ಹೇಗಿದ್ದಿರಬೇಕು, ಮೂಲೆಯಲ್ಲಿ ಹೇಗೆ ತಿರುಗಿರಬೇಕು, ಕಣ್ಣು ಮುಚ್ಚಿ ಹೇಳಬಹುದಿತ್ತು. ಕೊರಾಲಿ ನಂಬುತ್ತಿದ್ದಳು, ನಂಬಬೇಕೆಂದೇ ಕೂತಿದ್ದಳು. ಆದರೆ ಸಕ್ಕರೆಯ ವಿಷಯದಲ್ಲಿ ಅವರಿಬ್ಬರ ನಡುವೆ ಎಂದೂ ಸುಳ್ಳು ಬಂದಿರಲಿಲ್ಲ. ಮಕ್ಕಳ ಬಗ್ಗೆ, ಗಂಡಂದಿರ ಬಗ್ಗೆ, ಮೈಮೇಲಿನ ಬಟ್ಟೆಯ ಬಗ್ಗೆ ಎಷ್ಟೋ ಸುಳ್ಳು ಹೇಳಿಕೊಂಡಿದ್ದರು. ಕುಸುರಿಯ ಬಗ್ಗೆ ಮಾತ್ರ ಇಲ್ಲ.

"ನೋಡ್ಲಿಲ್ಲ ಕಣೇ," ಎಂದಳು ನೆರಿಡಾ.

ಕೊರಾಲಿಗೆ ಅರ್ಥವಾಗಲಿಲ್ಲ.

"ಒಳಗೆ ಹೋದ್ಯಲ್ಲ?"

"ಹೋದೆ. ಕಿಟಕಿ ಮುಚ್ಚಿದೆ. ಅಷ್ಟರಲ್ಲಿ ಕೆಳಗಿಂದ ಕರೆದ್ರು, ಸ್ನಾನದ ಮನೇಲಿ ಯಾರೋ ಸಿಕ್ಕಾಕೊಂಡಿದ್ರು. ಬೆಳಿಗ್ಗೆ ನೋಡೋಣ ಅನ್ಕೊಂಡೆ. ನಿನ್ನದು ಯಾವುದು ಅಂತಾನೂ ನೋಡ್ಲಿಲ್ಲ."

ಗೋಡೆಯಾಚೆ ಯಾರೋ ಪೆಟ್ಟಿಗೆ ಕಟ್ಟುತ್ತಿದ್ದರು. ಜಿಪ್ ಎಳೆಯುವ ಸದ್ದು ಕೇಳಿಸಿತು. ಕೊರಾಲಿಯ ಮುಖದಲ್ಲಿ ಸಿಟ್ಟು ಬರಬಹುದೆಂದು ನೆರಿಡಾ ಕಾದಳು, ಬೇಡಿಕೊಂಡಳು ಎಂದರೂ ಸರಿಯೇ. ಬರಲಿಲ್ಲ.

"ಹಾಗಾದ್ರೆ ಯಾರೂ ನೋಡ್ಲಿಲ್ಲ," ಎಂದಳು ಕೊರಾಲಿ ಕೊನೆಗೆ.

"ನೀನು ಹೇಳು. ನಾನು ಕೇಳ್ತೀನಿ. ಎಲ್ಲ ಹೇಳು."

ಕೊರಾಲಿ ಪ್ರಯತ್ನ ಮಾಡಿದಳು. ಪರದೆಯ ಎಳೆಗಳು ಒಂದೇ ಸಾಲಲ್ಲ, ಒಂದರ ಹಿಂದೆ ಒಂದು ಎರಡು ಸಾಲು ಎಂದಳು. ಹಿಂದಿನದು ಮುಂದಿನದರ ಸಂದಿಯಲ್ಲಿ ಕಂಡೂ ಕಾಣದ ಹಾಗೆ, ಬೆಳಕು ಬಿದ್ದರೆ ಒಂದು ಥರ, ಬೀಳದಿದ್ದರೆ ಇನ್ನೊಂದು ಥರ... ಕೈ ಎತ್ತಿ ಗಾಳಿಯಲ್ಲಿ ತೋರಿಸಲು ಹೋದಳು. ಬೆರಳು ನೆಟ್ಟಗೆ ನಿಲ್ಲಲಿಲ್ಲ. ಎಳೆ ಎಂದು ತೋರಿಸಿದ್ದು ಗಾಳಿಯಲ್ಲಿ ಅಂಕುಡೊಂಕಾಗಿ ಹೋಯಿತು. ಅವಳು ಕೈಯನ್ನು ಇಳಿಸಿ, ಇನ್ನೊಂದು ಕೈಯಿಂದ ಒತ್ತಿ ಹಿಡಿದಳು.

"ಬಿಡು. ಹೇಳಿದ್ರೆ ಕಾಣೋ ಅಂಥದ್ದಲ್ಲ ಅದು."

"ನಾನು ಮಾಡ್ತೀನಿ," ಎಂದಳು ನೆರಿಡಾ. "ಊರಿಗೆ ಹೋದ ಮೇಲೆ ನಿಮ್ಮನೇಲೇ ಬಂದು ಇರ್ತೀನಿ. ನೀನು ಪಕ್ಕದಲ್ಲಿ ಕೂತು ಹೇಳ್ತಾ ಹೋಗು, ನಾನು ಎಳೀತೀನಿ. ವರ್ಷ ಹಿಡೀಲಿ ಬೇಕಾದ್ರೆ. ಅದನ್ನೇ ಮತ್ತೆ ಮಾಡೋಣ, ಎಲ್ಲರಿಗೂ ತೋರಿಸೋಣ."

ಕೊರಾಲಿ ನೆರಿಡಾಳ ಕೈಗಳನ್ನು ನೋಡಿದಳು. ಅವು ಹಾಸಿಗೆಯ ಮೇಲೆ ಅಲುಗದೆ ಇದ್ದವು, ಒಳ್ಳೆಯ ಗಟ್ಟಿ ಕೈಗಳು. ಒಂದನ್ನು ಎತ್ತಿ ತನ್ನ ನಡುಗುವ ಅಂಗೈಯಲ್ಲಿಟ್ಟುಕೊಂಡು, ಸ್ವಲ್ಪ ಹೊತ್ತು ಹಾಗೇ ಹಿಡಿದಳು.

"ನಿನ್ನ ಕೈಲಿ ಆಗಲ್ಲ ಕಣೇ," ಎಂದಳು.

ಚುಚ್ಚಬೇಕೆಂದು ಹೇಳಿದ್ದಲ್ಲ ಅದು. ಸಕ್ಕರೆಯ ವಿಷಯದಲ್ಲಿ ಅವರು ಯಾವಾಗಲೂ ನಿಜ ಹೇಳಿಕೊಳ್ಳುವಂತೆಯೇ ಹೇಳಿದಳು. ನೆರಿಡಾ ಹೌದೆಂದು ತಲೆಯಾಡಿಸಿದಳು, ಆಗುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು.